ಕಿವಿಗೆ ಗುಟ್ಟು ಹೇಳುವ ಭುಜ

"ಈ ಬಲಭುಜ ಕಿವಿಗೆ ಅದೇನು ಗುಟ್ಟು ಹೇಳೋಕೆ ಹೊರಟಿದೆಯೋ?"

ಅಮ್ಮ ಕೇಳಿದ್ದು ಮಗಳನ್ನಲ್ಲ, ಕೈಯಲ್ಲಿದ್ದ ಟೇಪನ್ನೂ ಅಲ್ಲ, ಸುಮ್ಮನೆ ಗಾಳಿಯನ್ನು.

ಹುಡುಗಿ ಸ್ಟೂಲಿನ ಮೇಲೆ ನಿಂತಿದ್ದಳು. ಮನೆಯ ಮುಂದಿನ ಕೋಣೆಯೇ ಅಮ್ಮನ ಟೈಲರ್ ಅಂಗಡಿ. ಒಂದು ಮಷಿನ್ನು, ಆಳುದ್ದದ ಕನ್ನಡಿ, ಮೂಲೆಯಲ್ಲಿ ಚಿಂದಿಯ ಗುಡ್ಡೆ. ಈಗ ಹೊಲಿಯಬೇಕಾದದ್ದು ಸ್ಪೋರ್ಟ್ಸ್ ಡೇ ಕೋಟು. ಮಾರ್ಚ್‌ಪಾಸ್ಟಿನಲ್ಲಿ ಎಲ್ಲರಿಗಿಂತ ಮುಂದೆ ಶಾಲೆಯ ಹೆಸರಿನ ಬೋರ್ಡು ಹಿಡಿದು ನಡೆಯುವವಳು ಇವಳೇ. ಆದರೆ ಡ್ರಿಲ್ ಮೇಷ್ಟ್ರು ಇವತ್ತು ಹೇಳಿಬಿಟ್ಟಿದ್ದರು: "ಬೋರ್ಡು ಎಡಕ್ಕೆ ವಾಲ್ತಾನೇ ಇದೆ. ಇನ್ನೆರಡು ದಿನ ನೋಡ್ತೀನಿ. ಆಮೇಲೆ ಬೇರೆಯವರಿಗೆ ಕೊಡ್ತೀನಿ."

"ಅಮ್ಮಾ, ಹೋದ ವರ್ಷದ ಅಂಗಿ ಥರಾನೇ ಕತ್ತರಿಸು. ಭುಜ ನೆಟ್ಟಗೆ ಕಂಡ್ರೆ ಬೋರ್ಡೂ ನೆಟ್ಟಗೆ ಕಾಣತ್ತೆ."

ಅಮ್ಮನ ಕೈ ನಿಂತಿತು. ಹೋದ ವರ್ಷ ಅವಳು ಬಲಗಡೆ ಅರ್ಧ ಇಂಚು ಎತ್ತರಿಸಿ ಹೊಲಿದಿದ್ದಳು. ಅಂಗಿ ಅಚ್ಚುಕಟ್ಟಾಗಿ ಕೂತಿತ್ತು. ಬಂದವರಿಗೆಲ್ಲ ತೋರಿಸಿ ಹಿಗ್ಗಿದ್ದಳು.

"ಎಂಥ ಕೆಲಸ ಮಾಡಿದೆ ನೋಡು ನಾನು. ಅಂಗಿ ನೋಡಿದೆ, ಒಳಗಿರೋ ಮಗೂನ ನೋಡಲಿಲ್ಲ. ಕುತ್ತಿಗೆ ನೋಯತ್ತೇನೇ?"

"ಸಂಜೆ ಹೊತ್ತಿಗೆ. ಸ್ವಲ್ಪ."

"ಬ್ಯಾಗ್ ತಗೊಂಡು ಬಾ."

ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಬ್ಯಾಗು ದಬ್ಬನೆ ಮಗುಚಿತು.

"ಈ ಅಟ್ಲಾಸು?"

"ಉದ್ದಜಡೆಯದು. ದಿನಾ ನನ್ನ ಜೊತೆ ಸ್ಕೂಲಿಗೆ ಬರ್ತಾಳಲ್ಲ, ಅವಳದು."

"ಈ ಎರಡನೇ ಬಾಟಲಿ?"

"ಅದೂ ಅವಳದೇ."

"ಚೆಸ್ ಬೋರ್ಡು?"

"ಪಕ್ಕದ ಬೆಂಚಿನವಳದು. ಎಲ್ರೂ ನನ್ನನ್ನ ಗೋಡೌನ್ ಅಂತಾರಮ್ಮ." ಹೇಳುವಾಗ ಅವಳ ಮುಖ ಅರಳಿತು.

"ನಿಂದೂ ಏನಾದ್ರೂ ಇದೆಯಾ ಇದರಲ್ಲಿ?"

"ಇದೆಯಲ್ಲ. ಪುಸ್ತಕ. ಆಮೇಲೆ ಅಲ್ಲಿ, ರಬ್ಬರು."

ಅಮ್ಮ ಬೈಯಲಿಲ್ಲ. ಎಲ್ಲವನ್ನೂ ಮತ್ತೆ ತುಂಬಿ, ಮಗಳು ದಿನಾ ಹಾಕಿಕೊಳ್ಳುವ ಹಾಗೆ ಒಂದೇ ಭುಜಕ್ಕೆ ನೇತುಹಾಕಿಕೊಂಡು ಕನ್ನಡಿಯ ಮುಂದೆ ನಡೆದಳು. ಬಲಭುಜ ಮೇಲಕ್ಕೆ, ಕತ್ತು ಮುಂದಕ್ಕೆ, ಸೊಂಟ ಇನ್ನೆಲ್ಲಿಗೋ.

ಹುಡುಗಿಗೆ ನಗು ಬಂತು. "ಯಾರ ಥರ ನಡೀತಿದ್ದೀಯಮ್ಮ?"

ಅಮ್ಮ ಕನ್ನಡಿಯಲ್ಲೇ ಅವಳನ್ನು ನೋಡಿದಳು. ನಗು ಅರ್ಧಕ್ಕೇ ನಿಂತಿತು.

"ಅಂಗೈ ಹುಣ್ಣಿಗೆ ಕನ್ನಡಿ ಬೇಡ ಅಂತಾರೆ. ಬೆನ್ನಿಗೆ ಬೇಕಾಗತ್ತೆ ಕಣೇ."

"ನೀನೂ ಮಷಿನ್ ಮುಂದೆ ಕೊಕ್ಕರೆ ಥರ ಕತ್ತು ಚಾಚಿಕೊಂಡೇ ಕೂರ್ತೀಯ."

"ಹೌದಾ?" ಅಮ್ಮ ಕುತ್ತಿಗೆ ಸವರಿಕೊಂಡಳು. ದಿಂಬೊಂದನ್ನು ತಂದು ಕುರ್ಚಿಯ ಮೇಲೆ ಹಾಕಿ, ಎತ್ತರ ಸರಿಮಾಡಿಕೊಂಡು ಕೂತಳು. "ಕೋಟಿನ ಎರಡೂ ಭುಜಕ್ಕೆ ಈ ಸಲ ಒಂದೇ ಅಳತೆ. ಕೋಟು ನಿಂಗೆ ಹೊಂದಲ್ಲ, ನೀನೇ ಕೋಟಿಗೆ ಹೊಂದ್ಕೋಬೇಕು."

ಬೆಳಿಗ್ಗೆ ಹುಡುಗಿ ತನ್ನ ಪುಸ್ತಕಗಳನ್ನಷ್ಟೇ ತುಂಬಿಕೊಂಡಳು. ದಪ್ಪನೆಯವು ಬೆನ್ನಿಗೆ ಒತ್ತಿಕೊಂಡು ಕೂತವು. ಎರಡೂ ಪಟ್ಟಿಗಳನ್ನು ಹಾಕಿ ಎಳೆದು ಬಿಗಿದಳು. ಬ್ಯಾಗು ಕೋತಿಮರಿಯಂತೆ ಬೆನ್ನಿಗೆ ಅಂಟಿತು.

ಮನೆಯ ಗೇಟಿನ ಹತ್ತಿರ ಉದ್ದಜಡೆ ಕಾಯುತ್ತಿದ್ದಳು. ಹುಡುಗಿ ಕೈಯಲ್ಲಿ ಹಿಡಿದು ತಂದಿದ್ದ ಅವಳ ಅಟ್ಲಾಸು, ಬಾಟಲಿ ಎರಡನ್ನೂ ಅವಳ ಕೈಗಿಟ್ಟಳು.

"ಇದೇನೇ ಗೋಡೌನ್, ವಾಪಸ್ ಕೊಡ್ತಿದ್ದೀಯ? ಝಿಪ್ ತೆಗಿ."

"ನಂಗೆ ಕುತ್ತಿಗೆ ನೋಯತ್ತೆ."

"ಸ್ಕೂಲು ಇಲ್ಲೇ ಅಲ್ವೇನೇ? ಇವತ್ತೊಂದಿನ ಹೊತ್ಕೋ. ಇಲ್ಲಾಂದ್ರೆ ನಾಳೆಯಿಂದ ನಿಂಗೋಸ್ಕರ ಕಾಯಲ್ಲ ನೋಡು."

ಹುಡುಗಿಯ ಬಲಭುಜ ತನ್ನಷ್ಟಕ್ಕೇ ಮೇಲೇಳತೊಡಗಿತು. ಕನ್ನಡಿಯಲ್ಲಿ ಅಮ್ಮ ನಡೆದದ್ದು ನೆನಪಾಯಿತು. ಉಸಿರು ಬಿಟ್ಟಳು; ಭುಜ ಮೆಲ್ಲಗೆ ಕೆಳಗಿಳಿದು ತನ್ನ ಜಾಗದಲ್ಲಿ ಕೂತಿತು.

"ಇಲ್ಲ ಕಣೇ, ಹೊರಲ್ಲ. ನಿಂದು ನೀನೇ ಹೊತ್ಕೋ."