ನೋಟ ಆ ಕಡೆ, ಚೆಂಡು ಈ ಕಡೆ

“ಅವನ ಕಣ್ಣು ನಂಬಿದೋನು ಗೋಲು ತಿಂದ ಅಂತಲೇ ಲೆಕ್ಕ” ಎಂದು ಅಣ್ಣ ಹೇಳಿದ್ದು ನಿನ್ನೆ ಊಟದ ಹೊತ್ತಿನಲ್ಲಿ. ಇವತ್ತು ಅದೇ ಕಣ್ಣು ಊದಿಕೊಂಡು, ಕೆಂಪಾಗಿ, ಅವಳ ಅಂಗಡಿಯ ಎತ್ತರದ ಕುರ್ಚಿಯ ಮೇಲೆ ಬಂದು ಕುಳಿತಿತ್ತು.

ಕನ್ನಡಕದಂಗಡಿ ಮೈದಾನದ ಹಿಂದಿನ ಬೀದಿಯಲ್ಲಿತ್ತು. ಮುಂದೆ ಗಾಜಿನ ಬಾಗಿಲು, ಗೋಡೆ ತುಂಬ ಫ್ರೇಮುಗಳು, ಪರದೆಯ ಹಿಂದೆ ಕಣ್ಣು ಪರೀಕ್ಷೆಯ ಸಣ್ಣ ಕೋಣೆ. ಪರೀಕ್ಷೆ ಮಾಡುವವಳೂ ಅವಳೇ, ಗಾಜು ಉಜ್ಜಿ ಫ್ರೇಮಿಗೆ ಕೂರಿಸುವವಳೂ ಅವಳೇ. “ಕಣ್ಣು ದೇವರು ಹಚ್ಚಿದ ದೀಪ ಮಗಳೇ, ನಾವು ಬತ್ತಿ ಸರಿಮಾಡೋರು ಅಷ್ಟೇ” ಎನ್ನುತ್ತಿದ್ದ ಅಪ್ಪ ಈಗಿಲ್ಲ. ಅಂಗಡಿಯ ಜೊತೆಗೆ ಆ ಮಾತನ್ನೂ ಅವಳಿಗೆ ಬಿಟ್ಟುಹೋಗಿದ್ದ.

ಕುರ್ಚಿಯಲ್ಲಿದ್ದವನು ಊರ ಕ್ಲಬ್ಬಿನ ಮಿಡ್‌ಫೀಲ್ಡ್ ಆಟಗಾರ. ಹುಟ್ಟಿದಾಗ ಇಟ್ಟ ಹೆಸರು ಅವನ ತಾಯಿಗಷ್ಟೇ ನೆನಪು. ಊರಿಗೆಲ್ಲ ಅವನು ಕಳ್ಳನೋಟ. ಮೈದಾನದ ನಟ್ಟನಡುವೆ ನಿಂತು ಎಡಕ್ಕೆ ನೋಡುತ್ತಿದ್ದ. ಎದುರಾಳಿಗಳು ಎಡಕ್ಕೆ ಓಡುತ್ತಿದ್ದರು. ಚೆಂಡು ಆಗಲೇ ಬಲಕ್ಕೆ ಹೋಗಿರುತ್ತಿತ್ತು. ಪಕ್ಕದೂರಿನ ತಂಡಕ್ಕೆ ಡಿಫೆಂಡರ್ ಆಗಿದ್ದ ಅವಳ ಅಣ್ಣನಿಗೆ ಜನ ಪ್ರೀತಿಯಿಂದ ‘ಗೋಡೆ’ ಎನ್ನುತ್ತಿದ್ದರು. ಆ ಗೋಡೆಯ ಎರಡು ಕಾಲುಗಳ ನಡುವೆ ಚೆಂಡು ತೂರಿಸಿದ ಮೇಲೆ ಕಳ್ಳನೋಟನಿಗೆ ‘ಗೋಡೆಗೆ ಬಾಗಿಲಿಟ್ಟೋನು’ ಎಂಬ ಇನ್ನೊಂದು ಬಿರುದು ಬಂತು. ಅಣ್ಣನಿಗೆ ಅದು ಇನ್ನೂ ಅರಗಿರಲಿಲ್ಲ.

“ಚೆಂಡು ಬಡಿದದ್ದಾ?”

“ಹೂಂ. ಒಂದೇ ಸಲ ನೇರ ನೋಡಿದೆ, ನೋಡಿ. ಶಿಕ್ಷೆ ಸಿಕ್ತು.”

ಅವಳಿಗೆ ನಗು ಬಂತು, ನಗಲಿಲ್ಲ. ಎದುರು ಕುಳಿತಳು. “ನನ್ನ ಮೂಗನ್ನೇ ನೋಡಿ. ಕಣ್ಣು ಆಚೀಚೆ ಹೋಗಬಾರದು. ಪಕ್ಕದಲ್ಲಿ ಬೆರಳು ಆಡಿಸ್ತೀನಿ. ಕಂಡ ತಕ್ಷಣ ಹೇಳಿ.”

ಎರಡೂ ಕೈ ಅಗಲಿಸಿ, ಅವನ ಕಿವಿಯ ಹತ್ತಿರ ಬೆರಳು ಆಡಿಸಿದಳು.

“ಬಲಗಡೆ ಬೆರಳು ಆಡ್ತಿದೆ. ಉಗುರಿನ ಮೇಲೆ ಮಸಿ ಇದೆ. ಎಡಗಡೆ ಪರದೆ ಸಂದೀಲಿ ಯಾರೋ ದೊಡ್ಡೋರು ಇಣುಕ್ತಿದಾರೆ. ಅವರ ಕಾಲ ಹತ್ರ ಬೆಕ್ಕು.”

ಅವಳು ತಿರುಗಿ ನೋಡಿದಳು. ಉಗುರಿನ ಮೇಲೆ ಮಸಿ ಇತ್ತು. ಪರದೆಯ ಸಂದಿಯಲ್ಲಿ ಸೋದರತ್ತೆ ಇದ್ದಳು. ಬೆಕ್ಕೂ ಇತ್ತು.

“ಇಷ್ಟು ಹೊತ್ತೂ ಮೂಗನ್ನೇ ನೋಡ್ತಿದ್ರಾ?”

“ನೀವೇ ತಾನೆ ಹೇಳಿದ್ದು? ಬೇರೆ ಕಡೆ ನೋಡೋ ಅಂಥ ಮೂಗೇನೂ ಅಲ್ಲ.”

ಪರದೆಯ ಹಿಂದೆ ಅತ್ತೆ ಕಿಸಕ್ಕನೆ ನಕ್ಕಳು.

ಆಮೇಲೆ ಅವನಿಗೆ ಅಂಗಡಿಯಲ್ಲಿ ಕೆಲಸಗಳು ಹುಟ್ಟಿಕೊಂಡವು. ತಾಯಿಯ ಕನ್ನಡಕದ ಕಾಲು ಸಡಿಲ. ಗೋಲ್‌ಕೀಪರನ ಗಾಜಿಗೆ ಗೀರು. ಒಮ್ಮೆ ಬರಿಯ ಖಾಲಿ ಪೆಟ್ಟಿಗೆ ತಂದು “ಇದರ ಮುಚ್ಚಳ ಸರಿಯಾಗಿ ಕೂರಲ್ಲ” ಎಂದ. ಅತ್ತೆಯ ಮುಖ ನೋಡುತ್ತ “ಟೀ ಚೆನ್ನಾಗಿದೆ ಅತ್ತೇ” ಎನ್ನುವನು. ನಗು ಮಾತ್ರ ಇತ್ತ ಬಂದು ಬೀಳುವುದು. ಗೋಡೆಯ ಮೇಲಿನ ಅಕ್ಷರಗಳ ಪಟ ಓದುತ್ತ “ಹಸಿರು ನಿಮಗೆ ಒಪ್ಪುತ್ತೆ” ಎನ್ನುವನು; ಅವಳು ಹಸಿರು ಉಟ್ಟಿರುತ್ತಿದ್ದಳು.

ಬಾವಿಯಲ್ಲಿ ನೀರು ಬಂದ ಹಾಗೆ ಪ್ರೀತಿ ಸದ್ದಿಲ್ಲದೆ ಬಂತು. ಸಂಶಯ ಮಾತ್ರ ಬಾವಿಕಟ್ಟೆಯ ಮೇಲೆ ಕಾಲು ಇಳಿಬಿಟ್ಟು ಕೂತೇ ಇತ್ತು. ನನ್ನನ್ನು ನೋಡದೆ ನನ್ನನ್ನು ಕಾಣಬಲ್ಲವನು, ನನ್ನನ್ನು ನೋಡುತ್ತ ಇನ್ನಾರನ್ನು ಕಂಡಾನು?

ಒಂದು ಮಧ್ಯಾಹ್ನ ಅವನು ಗಡಿಯಾರವನ್ನೇ ನೋಡುತ್ತ, “ನನ್ನನ್ನ ಮದುವೆ ಆಗ್ತೀರಾ?” ಎಂದ.

“ಯಾರನ್ನ ಕೇಳ್ತಿದೀರಿ? ಆ ಗಡಿಯಾರಕ್ಕೆ ಮದುವೆ ವಯಸ್ಸು ಯಾವತ್ತೋ ಮೀರಿದೆ.”

“ನಿಮ್ಮನ್ನ ನೋಡಿ ಕೇಳೋಕೆ ಧೈರ್ಯ ಸಾಲದು.”

“ಹಾಗಾದ್ರೆ ಧೈರ್ಯ ಬಂದ ದಿನ ಬನ್ನಿ. ನೇರ ನೋಡಿ ಕೇಳಿ. ಆವತ್ತು ಹೇಳ್ತೀನಿ.”

ಧೈರ್ಯ ಬರುವ ಮೊದಲು ಬೇರೆ ಸುದ್ದಿ ಬಂತು. ಆಟ ಹಣ್ಣಾಗಿ, ಇಡೀ ಮೈದಾನ ಅವನ ಕಣ್ಸನ್ನೆಗೆ ಕುಣಿಯುತ್ತಿದ್ದ ಕಾಲದಲ್ಲೇ ಕಳ್ಳನೋಟ ಆಟ ಬಿಟ್ಟ. ಮೊಣಕಾಲು ಹೋಯಿತು ಎಂದು ಪತ್ರಿಕೆಗಳು ಬರೆದವು. ಕ್ಲಬ್ಬು ಅವನನ್ನು ಹಳೆಯ ಮ್ಯಾನೇಜರ ಪಕ್ಕದಲ್ಲಿ ಕೂರಿಸಿತು. ಮುದುಕ ಮನೆಗೆ ಹೋದ ಮೇಲೆ ಅದೇ ಜಾಗದಲ್ಲಿ ನಿಲ್ಲಿಸಿತು. ಜೆರ್ಸಿ ಹೋಗಿ ಕಪ್ಪು ಕೋಟು ಬಂತು. ಗೆರೆಯ ಒಳಗಿದ್ದವನು ಗೆರೆಯ ಹೊರಗೆ ಬಂದ.

ಮ್ಯಾನೇಜರ್ ಆದ ವಾರ ಅಂಗಡಿಗೆ ಬಂದು ಅವಳೆದುರು ನಿಂತ. ಗಡಿಯಾರ ನೋಡಲಿಲ್ಲ, ಪಟ ನೋಡಲಿಲ್ಲ.

“ನೇರ ನೋಡ್ತಿದೀನಿ. ಈಗ ಹೇಳು.”

ಅವನ ಕಪ್ಪು ಕಣ್ಣು ಕದಲದೆ ಅವಳ ಮೇಲೆಯೇ ನಿಂತಿತ್ತು. ಎಷ್ಟು ವರ್ಷ ಕಾದಿದ್ದಳು ಈ ನೋಟಕ್ಕೆ! ಹೂಂ ಎನ್ನಲು ತುಟಿ ತೆರೆದಳು. ಆಗಲೇ ಅಣ್ಣನ ಮಾತು ನೆನಪಾಯಿತು. ಇವನು ಇತ್ತ ನೋಡುತ್ತಿದ್ದಾನೆ ಎಂದರೆ, ಚೆಂಡು ಎತ್ತ ಹೊರಟಿದೆ?

ಕೈ ತಾಗಿ, ಬಿಚ್ಚಿಟ್ಟಿದ್ದ ಫ್ರೇಮಿನ ಸ್ಕ್ರೂ ಕೆಳಗೆ ಬಿತ್ತು. ಎಳ್ಳುಕಾಳಿನಷ್ಟು ಸ್ಕ್ರೂ. ಅವನು ತಟ್ಟನೆ ಮಂಡಿಯೂರಿ ನೆಲದ ಮೇಲೆ ಹುಡುಕತೊಡಗಿದ. ಅದು ಅವನ ಎಡಗೈಯ ಪಕ್ಕದಲ್ಲೇ ಮಿನುಗುತ್ತಿತ್ತು. ಅವನು ಎಲ್ಲೆಲ್ಲೋ ತಡಕುತ್ತಿದ್ದ. ಆದರೆ ಅವಳು ನೋಡಿದ್ದು ಅವನ ಮೊಣಕಾಲನ್ನು. ಊರಿಗೆಲ್ಲ ಮುರಿದುಹೋಗಿದ್ದ ಮೊಣಕಾಲು ಮಗುವಿನದರಂತೆ ಸಲೀಸಾಗಿ ಮಡಚಿಕೊಂಡಿತ್ತು.

“ಮೊಣಕಾಲು ಹೇಗಿದೆ?”

“ಈಗ ಪರವಾಗಿಲ್ಲ” ಎಂದು ತಲೆಯೆತ್ತಿದ. ಆ ನೇರ ನೋಟ ಅವಳ ಮುಖದಿಂದ ಜಾರಿ ಮತ್ತೆ ನೆಲಕ್ಕೆ ಬಿತ್ತು.

ಸುಳ್ಳು ಎಂದು ಅವಳಿಗೆ ಗೊತ್ತಾಯಿತು. “ಇನ್ನೂ ಸ್ವಲ್ಪ ಯೋಚಿಸ್ತೀನಿ” ಎಂದಳು.

ಸಂಶಯಕ್ಕೆ ಒಂದು ಹಿಡಿ ಅನ್ನ ಹಾಕಿದರೆ ಸಾಕು, ಮನೆಯ ಮಗನಂತೆ ಬೆಳೆದುಬಿಡುತ್ತದೆ. ತಿಂಗಳಿಗೊಮ್ಮೆ ಅವನು ಬಿಳಿ ಕಾರಿನಲ್ಲಿ ಪೇಟೆಗೆ ಹೋಗುತ್ತಿದ್ದ. ಕೇಳಿದರೆ “ಕ್ಲಬ್ ಕೆಲಸ”. “ಕಣ್ಣು ಒಂದ್ಸಲ ನೋಡ್ತೀನಿ, ಕೂತ್ಕೊಳ್ಳಿ” ಎಂದರೆ “ನನ್ನ ಕಣ್ಣಿಗೇನು ಬಂದಿದೆ?” ಎಂದು ಎದ್ದೇ ಬಿಡುತ್ತಿದ್ದ. ತಂಡ ಗೆದ್ದ ಒಂದು ಸಂಜೆ ಅವಳು ಹಸಿರು ಉಟ್ಟು ಆಟಗಾರರ ಗೇಟಿನ ಪಕ್ಕ ನಿಂತು ಕೈ ಎತ್ತಿದಳು. ಅವನು ತೋಳಿಗೆ ತೋಳು ತಾಗುವಷ್ಟು ಹತ್ತಿರದಿಂದ ದಾಟಿಹೋದ. ತಲೆ ಕೂಡ ತಿರುಗಲಿಲ್ಲ. ಎತ್ತಿದ ಕೈಯಿಂದ ಕೂದಲು ಸರಿಮಾಡಿಕೊಂಡು ಅವಳು ಮನೆಗೆ ಬಂದಳು.

“ಓರೆಗಣ್ಣಲ್ಲಿ ಇಡೀ ಮೈದಾನ ನೋಡೋನಿಗೆ ನೀನು ಕಾಣಲಿಲ್ವಾ?” ಎಂದ ಅಣ್ಣ. ಆಟ ಬಿಟ್ಟ ಮೇಲೆ ಅಣ್ಣನ ದಿನವೆಲ್ಲ ಅಂಗಡಿಯ ಬೆಂಚಿನ ಮೇಲೆಯೇ. “ಹೇಳಬಾರದು ಅಂತಿದ್ದೆ. ಮೊನ್ನೆ ಪೇಟೇಲಿ ನೋಡಿದೆ. ಮುಸ್ಸಂಜೆ. ಯಾವಳದೋ ಕೈ ಹಿಡ್ಕೊಂಡು ಮೆಟ್ಟಿಲು ಇಳೀತಿದ್ದ. ಬಿಳಿ ಕಾರು ಅವಳದೇ.”

ಅತ್ತೆ ದೇವರ ಮುಂದಿನ ದೀಪಕ್ಕೆ ಎಣ್ಣೆ ಹಾಕುತ್ತಿದ್ದಳು. “ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತಾರೆ ಕಣೋ ಗೋಡೆ.”

“ಅತ್ತೇ, ನೀನೂ ಗೋಡೆ ಅಂತೀಯಾ?”

“ಕಿವಿ ಇರೋ ಗೋಡೆ ನೀನು. ಬಾಯಿ ಬೇರೆ ಇದೆ.”

ಅವಳು ಕಳ್ಳನೋಟನಿಗೆ ಬೇಡ ಎಂದು ಹೇಳಿಬಿಡುವುದೆಂದು ತೀರ್ಮಾನಿಸಿದಳು. ದೇವರೇ, ಹೇಳುವಾಗ ಮಾತು ಬದಲಾಗದಿರಲಿ ಎಂದಷ್ಟೇ ಬೇಡಿಕೊಂಡಳು.

ಮರುದಿನ ಬೆಳಿಗ್ಗೆ ಅವನು ಬಂದ. ಅತ್ತೆ ಟೀ ಲೋಟ ತಂದು ಅವನ ಎಡಮೊಣಕೈ ಪಕ್ಕ ಇಟ್ಟು ಒಳಗೆ ಹೋದಳು.

“ಯೋಚನೆ ಮುಗೀತು. ನಾನು…” ಎಂದು ಅವಳು ಶುರುಮಾಡಿದಳು.

ಅವನು ಆತುರದಿಂದ ಮುಂದೆ ಬಾಗಿದ. ಮೊಣಕೈ ತಾಗಿ ಲೋಟ ಉರುಳಿತು. ಸದ್ದಾದ ಮೇಲೆ ಅವನು ಲೋಟದತ್ತ ತಿರುಗಿದ. ಅಲ್ಲೊಂದು ಲೋಟವಿತ್ತೆಂದು ಆಗ ತಿಳಿದವನಂತೆ.

ಅವಳು ಅವನ ಕಣ್ಣನ್ನೇ ನೋಡಿದಳು. ಒಂದು ಕಾಲಕ್ಕೆ ಪರದೆಯಾಚೆಯ ಬೆಕ್ಕನ್ನು ಕಂಡ ಕಣ್ಣು ಇದು. ಟೀ ಮೇಜಿನಂಚಿಗೆ ಹರಿದು ಹನಿಹನಿಯಾಗಿ ನೆಲಕ್ಕೆ ಬೀಳುತ್ತಿತ್ತು. ಎಡಗೈಯ ಪಕ್ಕ ಮಿನುಗುತ್ತಿದ್ದ ಸ್ಕ್ರೂ, ಗೇಟಿನ ಬಳಿ ಪಕ್ಕದಲ್ಲೇ ದಾಟಿಹೋದ ತೋಳು ಎಲ್ಲವೂ ಒಂದರ ಹಿಂದೊಂದು ಬಂದು ಅವಳೆದುರು ನಿಂತವು.

“ಆ ಕುರ್ಚಿ ಮೇಲೆ ಕೂತ್ಕೊಳ್ಳಿ.”

“ಬೇಡ, ಅದೆಲ್ಲ ಈಗ…”

“ಕೂತ್ಕೋ” ಎಂದಳು. ಅವನನ್ನು ಏಕವಚನದಲ್ಲಿ ಕರೆದದ್ದು ಅದೇ ಮೊದಲು. ಅವನು ಕುಳಿತ.

“ನನ್ನ ಮೂಗು ನೋಡು. ಬೆರಳು ಕಂಡ್ರೆ ಹೇಳು.”

ಕೈ ಅಗಲಿಸಿದಳು. ಅವನು ಮಾತಾಡಲಿಲ್ಲ. ಬೆರಳು ಅವನ ಕಿವಿ ದಾಟಿ, ಹೆಗಲು ದಾಟಿ ಒಳಕ್ಕೆ ಬಂತು. ಅವನು ಮಾತಾಡಲಿಲ್ಲ. ಆಡುತ್ತ ಆಡುತ್ತ ಬೆರಳುಗಳು ಅವಳದೇ ಕೆನ್ನೆಯ ಹತ್ತಿರ ಬಂದವು.

“ಈಗ” ಎಂದ ಅವನು ಮೆಲ್ಲಗೆ. “ಈಗ ಕಂಡಿತು.”

ಅವಳು ಕೈ ಇಳಿಸಿದಳು. “ಯಾವಾಗಿಂದ?”

“ಆಟ ಬಿಡೋಕೆ ಮೊದಲಿಂದ. ಚೆಂಡು ಪಕ್ಕದಲ್ಲಿ ಇದ್ದಕ್ಕಿದ್ದಂಗೆ ಹುಟ್ಟಿ ಬರೋಕೆ ಶುರುವಾಯ್ತು. ಜೊತೆಯೋರು ಮಾಯ ಆಗೋರು. ಕಣ್ಣಿನ ಒತ್ತಡ ಜಾಸ್ತಿಯಾಗಿ ಪಕ್ಕದ ನೋಟ ಹೋಗಿದೆ ಅಂದ್ರು ಡಾಕ್ಟರು. ಹೋದದ್ದು ವಾಪಸ್ ಬರಲ್ಲ. ಹನಿ ಹಾಕ್ತಿದ್ರೆ ಉಳಿದದ್ದು ಉಳೀಬಹುದು. ಕ್ಲಬ್ಬಿಗೆ ಹೇಳಿದೀನಿ, ಊರಿಗೆ ಮೊಣಕಾಲು ಅಂದ್ವಿ.”

“ಮೆಟ್ಟಿಲ ಮೇಲೆ ಕೈ ಹಿಡಿದೋಳು?”

“ಕ್ಲಬ್ಬಿನ ಡಾಕ್ಟರು. ಕಣ್ಣಾಸ್ಪತ್ರೆ ಮೆಟ್ಟಿಲು ಅದು. ಮುಸ್ಸಂಜೇಲಿ ಅಂಚು ಕಾಣಲ್ಲ.” ಅವನ ತುಟಿಯ ಕೊನೆ ಕೊಂಕಿತು. “ನಿಮ್ಮಣ್ಣ ನೋಡಿದ್ನಾ? ಮೈದಾನದಲ್ಲಿ ಒಂದು ದಿನಾನೂ ನನ್ನನ್ನ ಅಷ್ಟು ಚೆನ್ನಾಗಿ ಹಿಂಬಾಲಿಸಲಿಲ್ಲ, ಪುಣ್ಯಾತ್ಮ.”

“ಆವತ್ತು ಗೇಟಿನ ಹತ್ರ ಕೈ ಎತ್ತಿದೆ. ತಿರುಗಿ ನೋಡಲಿಲ್ಲ ನೀನು.”

ಅವನ ನಗು ಆರಿತು. “ನೀನಲ್ಲಿದ್ಯಾ? ನಾನು ಎದುರಿಗೆ ಹುಡುಕ್ತಾ ಹೋದೆ. ಹಸಿರು ಎಲ್ಲೂ ಕಾಣಲಿಲ್ಲ. ಬಂದೇ ಇಲ್ಲ ಅನ್ಕೊಂಡೆ.”



“ಕಣ್ಣು ನೋಡೋದೇ ನನ್ನ ಕಸುಬು. ನನ್ನ ಹತ್ರಾನೇ ಮುಚ್ಚಿಟ್ಯಲ್ಲ!”

“ಅದಕ್ಕೇ. ಕನಿಕರಕ್ಕೆ ಹೂಂ ಅಂದುಬಿಟ್ರೆ ಏನ್ ಮಾಡ್ಲಿ? ನಿನ್ನ ಸಂಶಯ ತಡ್ಕೋಬಹುದು. ಕನಿಕರ ಆಗಲ್ಲ.” ಆಮೇಲೆ ನಿಧಾನವಾಗಿ ಹೇಳಿದ, “ಮಧ್ಯದಲ್ಲಿ ಆಡೋನಿಗೆ ಸುತ್ತಲೂ ಕಣ್ಣಿರಬೇಕು. ಗೆರೆಯಾಚೆ ನಿಂತೋನಿಗೆ ಎದುರಿಗಿದ್ದದ್ದು ಕಂಡ್ರೆ ಸಾಕು. ದೇವರು ಒಂದು ಜಾಗ ತಗೊಂಡು ಇನ್ನೊಂದು ಕೊಟ್ಟ. ಆದ್ರೆ ಈಗ ನೋಡಿದ್ದು ಮಾತ್ರ ಕಾಣುತ್ತೆ. ಕದ್ದು ನೋಡೋಕೆ ಬರಲ್ಲ. ಅದಕ್ಕೇ ನಿನ್ನನ್ನೇ ನೋಡ್ತೀನಿ.”

ಇಷ್ಟು ದಿನ ಅವಳು ಅನುಮಾನಿಸಿದ್ದು ಆ ನೋಟವನ್ನೇ. ಅವನಿಗೆ ಉಳಿದಿದ್ದದ್ದೂ ಅದೊಂದೇ.

ಆದರೂ ಹಳೆಯ ಅಭ್ಯಾಸ ಸುಲಭಕ್ಕೆ ಬಿಡುವುದಿಲ್ಲ. ಅವನ ಮುಖಕ್ಕೆ ಮುಖ ಕೊಟ್ಟು ಕುಳಿತು, ಸದ್ದಾಗದಂತೆ ಬಲಗೈ ಚಾಚಿ ಪಕ್ಕದಲ್ಲಿ ಬೆರಳು ಆಡಿಸಿದಳು.

“ನಿನ್ನ ಬಲಗೈ ಬೆರಳು ಆಡ್ತಿದೆ” ಎಂದ.

ಅವಳು ಕೈ ಹಿಂದೆಳೆದುಕೊಂಡಳು. “ಕಾಣುತ್ತಾ? ಹಾಗಾದ್ರೆ ಇಷ್ಟು ಹೊತ್ತು ಹೇಳಿದ್ದೆಲ್ಲ…”

“ಬೆರಳು ಕಾಣಲಿಲ್ಲ ಮಾರಾಯ್ತಿ. ನಿನ್ನ ಕಣ್ಣು ಆ ಕಡೆ ಹೋಯ್ತು. ಇಷ್ಟು ವರ್ಷ ನನ್ನ ಸಹವಾಸ ಮಾಡಿ ಒಂದು ಕಳ್ಳನೋಟ ಕಲೀಲಿಲ್ವಲ್ಲ ನೀನು!”

ಅವಳು ನಕ್ಕಳು. ನಗುತ್ತ ನಗುತ್ತಲೇ ಕಣ್ಣು ತುಂಬಿತು.

“ಉತ್ತರ?” ಎಂದ ಅವನು.

ಗಾಜಿನ ಬಾಗಿಲು ಕಿರುಗುಟ್ಟಿತು. ಅಣ್ಣ ಪರದೆ ಸರಿಸಿ, ಉರುಳಿದ ಲೋಟ, ಒದ್ದೆ ನೆಲ, ತಂಗಿಯ ಕಣ್ಣು ಎಲ್ಲವನ್ನೂ ನೋಡಿ ಹುಬ್ಬು ಗಂಟಿಕ್ಕಿದ. “ಏನ್ ನಡೀತಿದೆ ಇಲ್ಲಿ?”

ಅವಳು ಅಣ್ಣನನ್ನು ನೇರ ನೋಡಿದಳು. ರೆಪ್ಪೆ ಕೂಡ ಅಲುಗಲಿಲ್ಲ.

“ಏನಿಲ್ಲಣ್ಣ. ಕಣ್ಣು ಪರೀಕ್ಷೆ.”

ಕುರ್ಚಿಯ ತೋಳಿನ ಮರೆಯಲ್ಲಿ ಅವಳ ಕೈ, ಅತ್ತ ನೋಡದೆಯೇ, ಅವನ ಅಂಗೈಯನ್ನು ಹುಡುಕಿ ಒಳಸೇರಿತು.

ಗೋಡೆ ತಂಗಿಯ ಕಣ್ಣನ್ನೇ ನೋಡುತ್ತ ನಿಂತಿದ್ದ. ಚೆಂಡು ಆಗಲೇ ದಾಟಿಹೋಗಿತ್ತು.