ದಿಂಬು ಮೂಸುವವನು

"ಇವರೆಲ್ಲ ತಮ್ಮ ಮನೇಲೂ ಹೀಗೇ ಇರ್ತಾರಾ?"

ಮಹಡಿಯ ಖಾಲಿ ಅಡುಗೆಮನೆಯಲ್ಲಿ ನಿಂತು ಅವಳು ಕೇಳಿದ್ದು ಯಾರನ್ನೂ ಅಲ್ಲ. ಎರಡು ಬೆರಳ ತುದಿಯಲ್ಲಿ ಒಂದು ಒದ್ದೆ ಕಾಲುಚೀಲ ತೂಗಾಡುತ್ತಿತ್ತು. ಸಿಕ್ಕಿದ್ದೆಲ್ಲಿ? ನೀರು ಕಾಯಿಸುವ ಕೆಟಲ್ಲಿನ ಒಳಗೆ!

ಮೂಗು ಮುಚ್ಚಿಕೊಂಡು ಮಲಗುವ ಕೋಣೆಗೆ ನುಗ್ಗಿದವಳು ಬಾಗಿಲಲ್ಲೇ ಬೆಪ್ಪಾಗಿ ನಿಂತಳು...

ನಿನ್ನೆ ಖಾಲಿ ಮಾಡಿ ಹೋದ ಅತಿಥಿಗಳ ಹಾಸಿಗೆಯ ಪಕ್ಕ ಒಬ್ಬ ಅಪರಿಚಿತ ಮಂಡಿಯೂರಿದ್ದ. ಅವರ ದಿಂಬಿನಲ್ಲಿ ಮುಖ ಹುದುಗಿಸಿ, ಕಣ್ಣು ಮುಚ್ಚಿ, ಉದ್ದಕ್ಕೆ ಉಸಿರೆಳೆದುಕೊಳ್ಳುತ್ತಿದ್ದ!

"ಛೀ! ಯಾರ್ರೀ ನೀವು? ನಾಚಿಕೆ ಆಗಲ್ವಾ?"

ಅವನು ಗಾಬರಿಯಾಗಲಿಲ್ಲ. ತಾಳಿ ಎಂಬಂತೆ ಬೆರಳೆತ್ತಿ, ಇನ್ನೊಂದು ದಿಂಬನ್ನೂ ಮೂಸಿದ.

"ಮೇಡಂ, ನಿಮ್ಮ ಲಾಂಡ್ರಿಯವನು ಇವನ್ನ ಒಗೀತಾನೇ ಇಲ್ಲ. ಬರೀ ಇಸ್ತ್ರಿ ಹೊಡೆದು ಕೊಡ್ತಿದಾನೆ. ಇದರಲ್ಲಿ ಕಮ್ಮಿ ಅಂದ್ರೂ ಮೂರು ಜನರ ತಲೆಯೆಣ್ಣೆ ಇದೆ."

ಮೂರು ಜನ! ಅವಳ ಕೈಯಿಂದ ಕಾಲುಚೀಲ ಜಾರಿ ಅವನ ಮಂಡಿಯ ಮೇಲೆ ಬಿತ್ತು.

"ಇದು ನನಗಾ?" ಎಂದ ಅವನು, ಒಂದಿಷ್ಟೂ ನಗದೆ.

ಮಹಡಿ ನೋಡಿಕೊಳ್ಳುವ ಕೆಲಸಕ್ಕೆ ಅಣ್ಣ ಕೀಲಿ ಕೊಟ್ಟು ಕಳಿಸಿದ್ದ ಮೂರನೆಯ ಅಭ್ಯರ್ಥಿ ಇವನೇ ಎಂದು ಆಗ ಅವಳಿಗೆ ಹೊಳೆಯಿತು.

ಅಮ್ಮ ತೀರಿಕೊಂಡ ಮೇಲೆ ಕೆಳಗೆ ಅವಳೊಬ್ಬಳೇ. ಮಹಡಿಯ ಮೇಲೆ ಎರಡು ದಿನಕ್ಕೋ ಮೂರು ದಿನಕ್ಕೋ ಬಾಡಿಗೆಗೆ ಬಂದು ಹೋಗುವ ಅತಿಥಿಗಳು. ಬೇರೆ ಊರಿನಲ್ಲಿದ್ದ ಅಣ್ಣ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದ.

"ಪುಟ್ಟಿ, ಈ ತಿಂಗಳೊಳಗೆ ಮಹಡಿ ನೋಡ್ಕೊಳ್ಳೋಕೆ ಸರಿಯಾದೋರನ್ನ ಆರಿಸ್ಕೋ. ಇಲ್ಲಾಂದ್ರೆ ಮನೆಗಳನ್ನ ಅತಿಥಿಗಳಿಗೆ ಬಾಡಿಗೆಗೆ ಬಿಡೋ ಕಂಪನಿಗೆ ಕೊಟ್ಟುಬಿಡೋಣ. ಆದ್ರೆ ಅವರಿಗೆ ಕೆಳಗಿಂದೂ ಸೇರಿ ಇಡೀ ಮನೆ ಬೇಕಂತೆ."

ಅಂದರೆ ಹುಟ್ಟಿ ಬೆಳೆದ ಮನೆಯಿಂದ ಅವಳೇ ಹೊರಗೆ!

ಆ ಕಂಪನಿಯವನು ಬಂದು, ಕೊಳಕಿನ ಮೇಲೆ ಸೆಂಟು ಹೊಡೆದು, "ನೋಡಿ, ಆಯ್ತು" ಎಂದಿದ್ದ. ಹನ್ನೆರಡು ಮನೆ ನೋಡಿಕೊಳ್ಳುವ ಹೆಂಗಸೊಬ್ಬಳು ಕಮೋಡು ಒರೆಸಿದ ಬಟ್ಟೆಯಲ್ಲೇ ಕಾಫಿ ಲೋಟ ಒರೆಸಿಟ್ಟಿದ್ದಳು. ಈಗ ಈ ಮೂಗಿನವನು...

'ದೇವರೇ, ಮೂರು ಅಸಹ್ಯಗಳಲ್ಲಿ ನನ್ನ ಪಾಲಿಗೆ ಯಾವುದಪ್ಪಾ?'

"ದಿಂಬು ಮೂಸೋದು ಯಾವ ಸೀಮೆ ಕೆಲಸ ರೀ?"

"ಕಣ್ಣಿಗೆ ಸುಳ್ಳು ಹೇಳ್ಬಹುದು ಮೇಡಂ, ಮೂಗಿಗೆ ಆಗಲ್ಲ. ಮೊದಲು ಮೂಸ್ತೀನಿ, ಆಮೇಲೆ ಮನೆ ಒಪ್ಕೋತೀನಿ. ತಾವೇನು ಕೆಲಸ ಮಾಡೋದು?"

"ಲ್ಯಾಬಲ್ಲಿ. ರಕ್ತ, ಮೂತ್ರ ಪರೀಕ್ಷೆ."

"ಅಯ್ಯೋ! ಊರವರ ಮೂತ್ರಕ್ಕೆ ಹೆದರದೋರು ಒಂದು ಕಾಲುಚೀಲಕ್ಕೆ ಹೆದರೋದಾ?"

"ಅಲ್ಲಿ ಸೀಸೆಗೆ ಮುಚ್ಚಳ ಇರತ್ತೆ, ಮೇಲೆ ಹೆಸರಿರತ್ತೆ! ಇಲ್ಲಿ... ನಮ್ಮಮ್ಮ ಮಲಗ್ತಿದ್ದ ಕೋಣೇಲಿ..."

ಅವನು ಮತ್ತೆ ಹಾಸ್ಯ ಮಾಡಲಿಲ್ಲ. ದಿಂಬನ್ನು ಮೆಲ್ಲಗೆ ಕೆಳಗಿಟ್ಟ.

"ಮೂರು ವಾರ ನೋಡಿ. ಸರಿ ಬರಲಿಲ್ಲ ಅಂದ್ರೆ ಕೀಲಿ ಇಟ್ಟು ಹೋಗ್ತಾ ಇರ್ತೀನಿ."

ಅವನಿಗೊಂದು ಪದ್ಧತಿಯಿತ್ತು. ಅತಿಥಿಗಳು ಹೊರಟ ಕೂಡಲೇ ಮೆಟ್ಟಿಲಿಗೆ ಅಡ್ಡಲಾಗಿ ಒಂದು ಕುರ್ಚಿ ಇಡುತ್ತಿದ್ದ. ಮೇಲೆ ಎಲ್ಲ ಮುಗಿಯುವ ತನಕ ಯಾರೂ ಹತ್ತುವಂತಿಲ್ಲ, ಯಜಮಾನಿಯೂ!

ಮೊದಲ ವಾರ ಅವಳು ನಂಬಲಿಲ್ಲ. ಕುರ್ಚಿ ದಾಟಿ ಹತ್ತಿದಳು. ಚಹಾ ಲೋಟದಲ್ಲಿ ಯಾರದೋ ಕಾಲಿನ ಉಗುರುಗಳು... ಕಂಡದ್ದೇ ತಡ, ಬಾಗಿಲಲ್ಲೇ ಬಗ್ಗಿ ವಾಂತಿ ಮಾಡಿಕೊಂಡಳು. ಅವನು ಬಕೆಟ್ ತಂದು ಅದನ್ನೂ ಬಳಿದು ಶುಚಿ ಮಾಡಿದ.

'ಇವನಿಗೆ ಹೇಸಿಗೆಯೇ ಆಗುವುದಿಲ್ಲವೇ? ನನ್ನದನ್ನೂ...'

ಆಮೇಲೆ ಅವಳು ಕುರ್ಚಿ ದಾಟಲಿಲ್ಲ. ಕೆಳಗೇ ನಿಂತು ಕಾಯುತ್ತಿದ್ದಳು. ಮೇಲಿಂದ "ಈಗ ಬನ್ನಿ" ಎಂಬ ಕೂಗು ಬಿದ್ದರೆ ಎದೆಯಲ್ಲೊಂದು ತಣ್ಣನೆಯ ಗಾಳಿ ಬೀಸಿದಂತೆ! ಲ್ಯಾಬಿನಲ್ಲಿ ಕುಳಿತಾಗಲೂ ಆ ಎರಡು ಮಾತು ಕಿವಿಯಲ್ಲಿ ಗುನುಗುತ್ತಿದ್ದವು, ಬಾಲ್ಯದಲ್ಲಿ ಕೇಳಿ ಬಾಯಿಪಾಠವಾದ ಪದ್ಯದ ಹಾಗೆ. ಆದರೆ ಕಂಪನಿಯ ವಿಷಯವನ್ನು ಮಾತ್ರ ಅವನಿಗೆ ಹೇಳಿರಲಿಲ್ಲ. ಅಭಿಮಾನ ಅಡ್ಡ ಬಂದಿತ್ತು.

ಮೂರನೆಯ ವಾರದ ಕೊನೆಗೆ ಅಣ್ಣನ ಫೋನು.

"ನಿನ್ನ ಮೂಗಪ್ಪ ಏನಂದ ಗೊತ್ತಾ? ಈ ಮನೇಲಿ ಅತಿಥಿಗಳನ್ನ ಇಟ್ಕೊಳ್ಳೋದೇ ನಿಲ್ಲಿಸಿಬಿಡಿ ಅಂತ! ನಾಳೆ ಕಂಪನಿಯವನನ್ನ ಕಳಿಸ್ತೀನಿ ಪುಟ್ಟಿ. ಅವನೂ ಕೈಬಿಟ್ಟ ಹಾಗಾಯ್ತು, ಇನ್ನೇನು ಮಾಡೋದು?"

ಅವಳ ಮೈಯೆಲ್ಲ ಉರಿದುಹೋಯಿತು. ಕುರ್ಚಿಯನ್ನು ಒದ್ದು, ಮೆಟ್ಟಿಲೇರಿ, ಬಚ್ಚಲ ಬಾಗಿಲಿಗೆ ಬಂದು ನಿಂತಳು. ಅವನು ನೆಲದ ಮೇಲೆ ಕೂತು, ಕಟ್ಟಿಕೊಂಡ ಕೊಳವೆಯೊಳಗೆ ಬಲಗೈಯನ್ನು ಮೊಣಕೈವರೆಗೂ ಇಳಿಸಿದ್ದ. ಗಬ್ಬೋ ಗಬ್ಬು!

"ಮಹದುಪಕಾರ ಆಯ್ತು ನಿಮ್ಮಿಂದ! ಅಣ್ಣನಿಗೆ ಚಾಡಿ ಹೇಳಿದ್ರಂತೆ? ನಮ್ಮ ಮನೆ ಅಷ್ಟೊಂದು ಹೇಸಿಗೆ ಆಯ್ತಾ? ನಾಳೆ ಕಂಪನಿಯವನು ಬರ್ತಾನೆ, ನಾನು ಗಂಟುಮೂಟೆ ಕಟ್ತೀನಿ. ಸಂತೋಷಾನಾ?"

ಅವನ ಮುಖ ಬಿಳಿಚಿಕೊಂಡಿತು. "ನೀವ್ಯಾಕೆ ಕಟ್ಬೇಕು? ನೀವು ಕೆಳಗೇ ಇರ್ತೀರಲ್ಲ?"

"ಅವರಿಗೆ ಇಡೀ ಮನೆ ಬೇಕು!"

"ನಂಗೆ... ನಂಗೆ ಯಾರೂ ಹೇಳ್ಲಿಲ್ಲ ಮೇಡಂ."

"ಮತ್ತೆ ಯಾಕೆ ಹಾಗಂದ್ರಿ?"

ಅವನು ತಲೆ ತಗ್ಗಿಸಿದ. "ಅತಿಥಿಗಳು ಹೋದ ದಿನ ನೀವು ಊಟ ಬಿಡ್ತೀರಿ. ಹಾಕಿದ ಅನ್ನ ಹಾಕಿದ ಹಾಗೇ ಕಸದ ಬುಟ್ಟೀಲಿರತ್ತೆ. ಕಸ ನೋಡೋದೇ ನನ್ನ ಕೆಲಸ ಅಲ್ವಾ... ಕಣ್ಣಿಗೆ ಬಿತ್ತು. ನನ್ನ ಕೆಲಸ ಹೋದ್ರೆ ಹೋಗ್ಲಿ, ನೀವು ಎರಡು ತುತ್ತು ಉಂಡ್ರೆ ಸಾಕು ಅನ್ನಿಸ್ತು."

ಅಮ್ಮ ಹೋದ ಮೇಲೆ ಅವಳ ತಟ್ಟೆಯನ್ನು ನೋಡಿದವರು ಯಾರಿದ್ದರು?

"ನನ್ನ ಕಸಾನೂ ನೋಡ್ತೀರಾ? ಛೀ!" ಎಂದಳು. ದನಿ ಒಡೆದುಹೋಗಿತ್ತು.

"ಅಣ್ಣನಿಗೆ ಫೋನ್ ಹಚ್ಚಿ" ಎಂದ ಅವನು. "ಈಗಲೇ."

ಅವಳು ಹಚ್ಚಿ, ಸ್ಪೀಕರ್ ಹಾಕಿ ಹಿಡಿದಳು.

"ಸಾರ್, ಮೊನ್ನೆ ನಾನು ಹೇಳಿದ್ದು ತಪ್ಪು. ಕಂಪನಿಯವರು ಬೇಡ. ಈ ಮನೆ ನಾನು ನೋಡ್ಕೋತೀನಿ. ಬರೆದು ಕೊಡ್ತೀನಿ ಬೇಕಾದ್ರೆ."

"ಎಷ್ಟು ವರ್ಷಕ್ಕಪ್ಪಾ?"

ಅವನು ಅವಳ ಮುಖ ನೋಡಿದ. "ಅದನ್ನ... ನಿಮ್ಮ ತಂಗೀನೇ ಹೇಳ್ಬೇಕು ಸಾರ್."

ಆ ಕಡೆಯಿಂದ ಅಣ್ಣ ಕೆಮ್ಮಿದ. "ಸರಿ, ಕಂಪನಿಯವನಿಗೆ ಬರಬೇಡ ಅಂತೀನಿ. ಮಿಕ್ಕಿದ್ದು ನೀವಿಬ್ರೇ ಮಾತಾಡ್ಕೊಳ್ಳಿ." ಫೋನು ಕಟ್ಟಾಯಿತು.

ಅವಳು ಒದ್ದೆ ನೆಲದ ಮೇಲೆ, ಅವನೆದುರಿಗೇ ಕೂತಳು.

"ನನ್ನ ಹೇಸಿಗೆ ಹೋಗೋದಲ್ಲ ರೀ. ಸಾಯೋವರೆಗೂ ವಾಕರಿಕೆ ಬರ್ತಾನೇ ಇರತ್ತೆ."

"ಬರ್ಲಿ ಬಿಡಿ. ಸಾಯೋವರೆಗೂ ಬಚ್ಚಲು ನಾನೇ ತೊಳೀತೀನಿ."

ಅಳು, ನಗು ಒಟ್ಟಿಗೇ ಉಕ್ಕಿತು. ಅವನು ಕೊಳವೆಯಿಂದ ಕೈ ಹೊರಗೆಳೆದ. ಕಪ್ಪು ಲೋಳೆ, ಊರವರ ಕೂದಲಿನ ಸಿಕ್ಕು... ಅವಳು ಆ ಕೈಯನ್ನೇ ಎರಡೂ ಕೈಯಲ್ಲಿ ಹಿಡಿದುಕೊಂಡಳು!

"ಅಯ್ಯಯ್ಯೋ, ಬೇಡ! ನಾರ್ತಿದೆ. ತೊಳ್ಕೊಂಡು ಬರ್ತೀನಿ, ಒಂದೇ ನಿಮಿಷ ಬಿಡಿ."

ಅವಳು ಮುಖ ಪಕ್ಕಕ್ಕೆ ತಿರುಗಿಸಿ ಒಮ್ಮೆ ವಾಕರಿಸಿದಳು. ಕಣ್ಣಲ್ಲಿ ನೀರು ಬಂತು. ಹಿಡಿತ ಮಾತ್ರ ಸಡಿಲವಾಗಲಿಲ್ಲ.

"ಬಿಡಲ್ಲ."