ಮರದ ರಾಕೆಟ್ಟಿನ ಕಾಲದ ಬಾವ

“ಇದೇನು ರಾಕೆಟ್ಟಾ, ಹಗ್ಗದ ಮಂಚವಾ? ಎಂಟನೇ ಕ್ಲಾಸಿಗೆ ಸ್ಕೂಲ್ ಬಿಟ್ಟವನ ಕೈಗೆ ಕೊಟ್ಟರೆ ಇದೇ ಗತಿ!”

ಬೋಡಿನಾಯಕನೂರಿನ ಟೆನಿಸ್ ಕ್ಲಬ್ಬಿನಲ್ಲಿ ಯುವಶ್ರೀ ತಮಿಳಿನಲ್ಲಿ ಹೀಗೆ ಅಂದಾಗ ಅವಳ ಕಾಲೇಜಿನ ಗುಂಪು ಗೊಳ್ಳೆಂದು ನಕ್ಕಿತು. ಮಣಿಕಟ್ಟು ನೋಯುತ್ತೆ, ತಂತಿ ಸಡಿಲ ಬಿಡು ಅಂತ ನನಗೆ ಹೇಳಿದ್ದವಳು ಅವಳೇ. ಅವಳನ್ನು ಹೆಣ್ಣು ನೋಡಲು ಬಂದಿದ್ದ ವಸಂತಕುಮಾರ್ ನನ್ನತ್ತ ಗದ್ದ ಎತ್ತಿದ.

“ಯಾರಿದು?”

“ಅಂಗಡಿ ತಂಬಿ. ತಂತಿ ಕಟ್ಟೋನು.”

ತಂಬಿ! ತಮ್ಮ! ನಾನು ಅವಳ ಸೋದರತ್ತೆಯ ಮಗ. ನಮ್ಮ ಕನ್ನಡದ ಮನೆಗಳಲ್ಲಿ ಕೈಹಿಡಿಯಬೇಕಾದವನನ್ನು ಹುಡುಗಿ ಬಾವ ಅನ್ನುತ್ತಾಳೆ. ಒಮ್ಮೆ ತಮ್ಮ ಅಂದರೆ ಮದುವೆಯ ಮಾತು ಅಲ್ಲಿಗೆ ಮುಗಿಯಿತು. ಅದು ಅವಳಿಗೂ ಗೊತ್ತು.

ನಾವಿಬ್ಬರೂ ಆಟ ಕಲಿತದ್ದು ಏಲಕ್ಕಿ ಎಸ್ಟೇಟಿನವರು ಬಿಸಾಕಿದ್ದ ಮರದ ರಾಕೆಟ್ಟಿನಲ್ಲಿ. ಚಿಕ್ಕ ಮುಖ, ಒನಕೆಯಂಥ ಭಾರ. ಸೊಟ್ಟಗಾಗದಂತೆ ಅದನ್ನು ಚೌಕಟ್ಟಿಗೆ ಹಾಕಿ ಮೂಲೆಗಳ ತಿರುಪು ಬಿಗಿಯುವಾಗ ಅವಳ ಬೆರಳು ನನ್ನ ಬೆರಳಿಗೆ ತಾಗುತ್ತಿತ್ತು. ತಾಗಿದ್ದೇ ಗೊತ್ತಿಲ್ಲದವಳಂತೆ ಅವಳು ಸೂರು ನೋಡುತ್ತಿದ್ದಳು.

ಆಮೇಲೆ ಅಲ್ಯೂಮಿನಿಯಂ ಬಂತು. ಚೆಂಡು ಬಿದ್ದರೆ ತಟ್ಟೆಯಂತೆ ಠಣ್ಣೆನ್ನುತ್ತಿತ್ತು, ಮೊಣಕೈವರೆಗೂ ನಡುಕ. “ಬಾವಾ, ಕೈ ಜುಮ್ಮಂತದೆ, ಹಿಡ್ಕೋ,” ಅಂತ ಕೈ ನೀಡುತ್ತಿದ್ದಳು.

ಕಾಲೇಜಿಗೆ ಹೋದ ಮೇಲೆ ಗ್ರಾಫೈಟ್. ಅಗಲ ಮುಖ, ಹಕ್ಕಿಯಷ್ಟು ತೂಕ. ಆ ಹಗುರ ಅವಳ ನಾಲಗೆಗೂ ಬಂತು.

ಅವತ್ತು ನಾನು ಕ್ಲಬ್ಬಿನ ಗೇಟು ತಲುಪುವಷ್ಟರಲ್ಲಿ ಹಿಂದೆ ಓಡಿ ಬಂದಳು. ಯಾರೂ ಕೇಳಿಸಿಕೊಳ್ಳದ ಕಡೆ ಅವಳಿಗೆ ಮನೆಯ ಕನ್ನಡ ನೆನಪಾಗುತ್ತದೆ.

“ಏನ್ ಬಾವಾ, ಕೋಬಮಾ, ಸಿಟ್ಟಾ? ಸುಮ್ಕೆ ತಮಾಷೆಗಂದೆ.”

ಕೆಳತುಟಿ ಕಚ್ಚಿ, ಕಣ್ಣಂಚಿನಲ್ಲಿ ನಕ್ಕಳು. ಆ ನಗುವಿಗೆ ಎಷ್ಟು ಸಲ ಸೋತಿದ್ದೇನೋ, ಥೂ!

“ಅವರ ಮುಂದೆ ಒಂದ್ಸಲ ಬಾವ ಅನ್ನು. ಸಾಕು.”

“ಅಷ್ಟೇನಾ? ಅದೇನ್ ದೊಡ್ಡ ವಿಷ್ಯ! ಅಂತೀನಿ, ಬಾ.”

ನಂಬಿ ಒಂದು ಹೆಜ್ಜೆ ಇಟ್ಟೂ ಬಿಟ್ಟೆ. ಕೋರ್ಟಿನಿಂದ ವಸಂತಕುಮಾರ್ ಕೂಗಿದ: “ಯುವಾ, ಅಲ್ಲಿ ಯಾರ ಜೊತೆ ಮಾತು?”

“ಯಾರೂ ಇಲ್ಲ, ಬಂದೆ!” ಅವಳ ತಮಿಳು ತಡವರಿಸಲೂ ಇಲ್ಲ. ನನ್ನ ತೋಳು ಹಿಡಿದು ಪಿಸುಗುಟ್ಟಿದಳು, “ಇನ್ನೊಂದಿನ ಹೇಳ್ತೀನಿ. ಸಾಯಂಕಾಲ ಮನೆಗೆ ಬತ್ತೀಯಲ್ಲ ಬಾವಾ?”

ತೋಳು ಬಿಡಿಸಿಕೊಂಡೆ. ಬಸ್ ಸ್ಟ್ಯಾಂಡಿನ ಕಡೆ ನಡೆದೆ. ಅವಳು ಮತ್ತೊಮ್ಮೆ ಕೇಳಿದ್ದು ಕಿವಿಗೆ ಬಿತ್ತು. ತಿರುಗಲಿಲ್ಲ.